ಕಿಂಡಿಯಾಚೆಯ ಅಥೆನ್ಸ್

“ಮುಟ್ಟಿದ ಕಾಯಿ ನಡೆಸ್ಲೇಬೇಕು. ನಮ್ಮನೆಯವರ ಕಾನೂನು ಅದು,” ಎಂದಳು ಟೈಲರಕ್ಕ, ಹೊಲಿಗೆ ಯಂತ್ರದಿಂದ ತಲೆ ಎತ್ತದೆ.

ಅರಗಿಣಿ ಕೈ ಹಿಂದಕ್ಕೆಳೆದುಕೊಂಡ. ಅಷ್ಟರಲ್ಲಾಗಲೇ ಹೆಬ್ಬೆರಳು ಆಟದ ಹಲಗೆಯ ಬಿಳಿ ಹಡಗೊಂದರ ನೆತ್ತಿಗೆ ತಾಗಿ ಸ್ವಲ್ಪ ಕಪ್ಪು ಅಂಟಿಕೊಂಡಿತ್ತು. ಪಾಲಿಶ್ ಇರಬೇಕು ಎಂದುಕೊಂಡು ಪ್ಯಾಂಟಿಗೆ ಒರೆಸಿದ. ಪೂರ್ತಿ ಹೋಗಲಿಲ್ಲ.

ಬೋಳುತಲೆ, ಪೊದೆ ಮೀಸೆ, ಎಮ್ಮೆಯ ಮೈಕಟ್ಟು. ಇಂಥವನಿಗೆ ಅರಗಿಣಿ ಎಂಬ ಹೆಸರು ಬಂದದ್ದು ಗಂಟಲಿನ ದೆಸೆಯಿಂದ. ಪತ್ತೇದಾರಿಕೆಗೆ ಇಳಿಯುವ ಮುಂಚೆ ಅವನು ವೇದಿಕೆಯ ಮೇಲೆ ಮಂದಿಯ ದನಿ ಕದ್ದು ಬದುಕಿದವನು. ಈಗ ಕಳ್ಳರನ್ನು ಹಿಡಿಯುತ್ತಿದ್ದನಾದರೂ ಹಳೆಯ ಕಳ್ಳತನ ಬಿಟ್ಟಿರಲಿಲ್ಲ.

ಟೈಲರಕ್ಕನ ಗಂಡ, ಫೋಟೋಗಳಿಗೆ ಫ್ರೇಮು ಕಟ್ಟುವವನು, ತನ್ನ ಅಂಗಡಿಯ ಅಟ್ಟದಿಂದ ಬಿದ್ದು ಸತ್ತು ಒಂದು ವಾರವಾಗಿತ್ತು. ತಳ್ಳಿದವನು ಅಕ್ಕನ ತಮ್ಮ, ಕನ್ನಡಕದಂಗಡಿಯವನು, ಎಂದು ಪೊಲೀಸರು ಹೇಳುತ್ತಿದ್ದರು. ಅಲ್ಲವೆಂದು ತೋರಿಸಿಕೊಡಿ ಎಂದು ಅರಗಿಣಿಯನ್ನು ಕರೆಸಿದವಳು ಅಕ್ಕನೇ.

ಇಬ್ಬರದೂ ಫ್ರೇಮಿನ ಕಸುಬೇ. ಒಬ್ಬ ಗೋಡೆಗೆ, ಇನ್ನೊಬ್ಬ ಮೂಗಿಗೆ. ಫ್ರೇಮಿಗೆ ಬರವಿರಲಿಲ್ಲ. ಒಂದು ವರ್ಷದಿಂದ ಕೊರತೆಯಾಗಿದ್ದದ್ದು ಪ್ರೇಮಕ್ಕೆ.

“ಮಾತು ಬಿಟ್ರು. ಆಟ ಬಿಡ್ಲಿಲ್ಲ,” ಎಂದಳು ಅಕ್ಕ. “ಬೆಳಿಗ್ಗೆ ಇವರು ಆ ಕಡೆಯಿಂದ ಒಂದು ನಡೆ. ಮಧ್ಯಾಹ್ನ ತಮ್ಮ ಇಲ್ಲಿಗೆ ಬಂದು ಈ ಕಡೆಯಿಂದ ಒಂದು ನಡೆ. ಮುಖ ಮಾತ್ರ ನೋಡ್ತಿರ್ಲಿಲ್ಲ.”

ಒಂದೇ ಕಟ್ಟಡ, ಗಂಡನದೊಂದು ಹೆಂಡತಿಯದೊಂದು ಅಂಗಡಿ, ನಡುವೆ ಗೋಡೆ, ಗೋಡೆಯಲ್ಲೊಂದು ಅಗಲವಾದ ಕಿಂಡಿ. ಕಿಂಡಿಯ ಕಟ್ಟೆಯ ಮೇಲೆ ಆಟದ ಹಲಗೆ. ಫ್ರೇಮಿನಂಗಡಿಯ ಕಡೆಗೆ ಹಸಿರು ಪರದೆ. ಎದುರಾಳಿ ಕಾಯಿ ನಡೆಸುವಾಗ ಇಣುಕಬಾರದು ಎಂಬುದು ಸತ್ತವನ ಇನ್ನೊಂದು ಕಾನೂನು.

ಫ್ರೇಮು ಕಟ್ಟಿ ಮಿಕ್ಕ ಮರದಲ್ಲಿ ಅವನೇ ಕೆತ್ತಿದ ಆಟ. ಎರಡು ಹಳೆಯ ಗ್ರೀಕ್ ಪಟ್ಟಣಗಳ ಹಗೆತನ. ಪರದೆಯ ಕಡೆ ಅಥೆನ್ಸ್, ಹೊಲಿಗೆಯ ಕಡೆ ಸ್ಪಾರ್ಟಾ, ನಡುವೆ ಸಮುದ್ರ, ದ್ವೀಪ, ಬಂದರು. ಎರಡೂ ಪಕ್ಷಕ್ಕೆ ಅವೇ ಹಡಗು, ಅವೇ ಭರ್ಜಿಯವರು. ಬೆರಳಿಗೆ ಎರಡೂ ಒಂದೇ. ಬಣ್ಣ ಮಾತ್ರ ಬೇರೆ. ಅಥೆನ್ಸಿನವು ಬಿಳಿ, ಸ್ಪಾರ್ಟಾದವು ಕಪ್ಪು.

ಜೊತೆಗೆ ಹೆಬ್ಬೆರಳುದ್ದದ ಒಂದು ಆಲಿವ್ ಮರ. ನಡೆ ಮುಗಿಸಿದವನು ಮರವನ್ನು ಎದುರಾಳಿಯ ಕಡೆಗೆ ಸರಿಸಬೇಕು. ಇನ್ನು ನಿನ್ನ ಸರದಿ ಎಂದರ್ಥ. ಸೋಲೊಪ್ಪಿದವನು ಅದನ್ನು ಎದುರಾಳಿಯ ಅಂಚಿನಲ್ಲಿ ಮಲಗಿಸಬೇಕು.

“ಯಾರು ಜಾಸ್ತಿ ಮಲಗಿಸ್ತಿದ್ರು?”

“ತಮ್ಮನೇ. ಇವರು ಒಂದ್ಸಲಾನೂ ಮಲಗಿಸಿದವರಲ್ಲ. ಸೋಲೋ ಹಾಗಿದ್ರೆ ಕೆಮ್ಮು ಬರ್ತಿತ್ತು. ಕೆಮ್ತಾ ಎದ್ದು ಹೋದ್ರೆ ಆಟ ಅಲ್ಲಿಗೇ ನಿಲ್ತಿತ್ತು.”

ಈಗ ಮರ ಪರದೆಯ ಬದಿಯಲ್ಲಿ, ಅಥೆನ್ಸಿನ ಅಂಗಳದಲ್ಲಿ, ನೆಟ್ಟಗೆ ನಿಂತಿತ್ತು. ಅಂದರೆ ಕೊನೆಯ ನಡೆ ಸ್ಪಾರ್ಟಾದ್ದು. ಇನ್‌ಸ್ಪೆಕ್ಟರ್ ಕೈಯಲ್ಲಿದ್ದ ದೊಡ್ಡ ಸಾಕ್ಷಿಯೂ ಇದೇ. ಸತ್ತ ದಿನ ಮಧ್ಯಾಹ್ನ ತಮ್ಮ ಬಂದು ಆಡಿ ಹೋದ ಎಂದು ಅಕ್ಕ ಹೇಳಿಕೆ ಕೊಟ್ಟಿದ್ದಳು. ಗಂಡ ಬಿದ್ದದ್ದೂ ಆ ಹೊತ್ತಿಗೇ.

ಗುಂಡಿ ಹೊಲಿಯುವವಳು ಒಂದೇ ಮಾತಿನಲ್ಲಿ ತಮ್ಮನಿಗೆ ಗುಂಡಿ ತೋಡಿದ್ದಳು.

“ಕೋಟು ಆಯ್ತೇನಮ್ಮ?”

ಬಾಗಿಲಲ್ಲಿ ಮಹಡಿ ಮೇಷ್ಟ್ರು. ಚಿತ್ರ ಕಲಿಸಿ ನಿವೃತ್ತರಾದವರು. ಫ್ರೇಮಿನಂಗಡಿಯ ನೆತ್ತಿಯ ಮೇಲೇ ಅವರ ವಾಸ, ಅಂಗಡಿಯ ಅಟ್ಟಕ್ಕೆ ಮಹಡಿಯಿಂದಲೂ ಇಳಿಯಬಹುದಿತ್ತು. ಕಂಕುಳಲ್ಲಿ ಮಡಿಸಿದ ಪೇಪರು.

“ಗುಂಡಿ ಹಾಕಿಟ್ಟಿದೀನಿ ಮೇಷ್ಟ್ರೇ. ತಗೊಳ್ಳಿ.”

ಅವರು ಕೋಟಿನ ಗುಂಡಿಯನ್ನು ಎಳೆದು ನೋಡಿದರು. ಆಮೇಲೆ ಪರದೆಯನ್ನು ನೋಡಿದರು. “ಈಗ ಪೇಪರ್ ಓದಿದ್ರೆ ಕೇಳೋರಿಲ್ಲ. ಗೋಡೆಗೆ ಓದ್ತೀನಿ. ಗೋಡೆ ಪರವಾಗಿಲ್ಲ, ನಡುವೆ ಬಾಯಿ ಹಾಕಲ್ಲ.” ನಗಲು ಹೋದರು, ನಗೆ ತುಟಿಯವರೆಗೂ ಬರಲಿಲ್ಲ. “ನಿನ್ನ ತಮ್ಮನ್ನ ಬಿಡ್ತಾರಂತಾ?”

“ಇವತ್ತು ಸ್ಥಳ ತೋರಿಸೋಕೆ ಕರ್ಕೊಂಡ್ ಬರ್ತಾರಂತೆ. ಆಮೇಲೆ ಜೈಲಂತೆ.”

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದು, ಕೋಟು ಎದೆಗವಚಿಕೊಂಡು ಹೊರಟುಬಿಟ್ಟರು. ಮಹಡಿಯ ಮೆಟ್ಟಿಲು ಒಂದೊಂದಾಗಿ ಸದ್ದು ಮಾಡಿದವು.

“ದಿನಾ ಬೆಳಿಗ್ಗೆ ಆ ಕಡೆ ಕೂತು ಇವರಿಗೆ ಪೇಪರ್ ಓದಿ ಹೇಳ್ತಿದ್ರು,” ಎಂದಳು ಅಕ್ಕ. “ಇವರಿಗೆ ಕೆಲ್ಸ ಮಾಡ್ತಾ ಕೇಳೋ ಚಟ.”

ಅರಗಿಣಿ ತಲೆಯಾಡಿಸಿದ. ಅವನ ಕಣ್ಣು ಬೇರೆ ಕಡೆ ಇತ್ತು, ಸ್ಪಾರ್ಟಾದ ಕರಿ ಭರ್ಜಿಯವರ ಕೊರಳ ಮೇಲೆ.

“ಅಕ್ಕ, ನಿಮ್ಮ ತಮ್ಮನ ಅಂಗಡೀಲಿ ಏನೇನಿರುತ್ತೆ?”

“ಕನ್ನಡಕ. ಗಾಜು. ಒರೆಸೋ ಬಟ್ಟೆ.”

“ನೀಲಿ ಸೀಮೆಸುಣ್ಣ?”

ಯಂತ್ರ ನಿಂತಿತು.

“ನಿಮ್ಮ ಮೇಜಿನ ಮೇಲಿದೆ, ಬಟ್ಟೆಗೆ ಗುರುತು ಹಾಕೋದು. ಅದೇ ನೀಲಿ ಈ ಕರಿ ಕಾಯಿಗಳ ಕೊರಳಲ್ಲೂ ಇದೆ. ಒಂದಕ್ಕಲ್ಲ, ಎಲ್ಲಕ್ಕೂ. ಒಂದು ದಿನದ್ದಲ್ಲ, ಒಂದರ ಮೇಲೊಂದು.”

“ಧೂಳು ಒರೆಸ್ತಿರ್ತೀನಿ.”

“ಒರೆಸಿದ್ರೆ ಸುಣ್ಣ ಹೋಗ್ಬೇಕಿತ್ತು ಅಕ್ಕ. ಬರೋದು ಹೇಗೆ?”

ಅವಳು ಒಂದು ಗುಂಡುಪಿನ್ನು ತೆಗೆದು ತುಟಿಗಳ ನಡುವೆ ಕಚ್ಚಿಕೊಂಡಳು. ಆಮೇಲೆ ಇನ್ನೊಂದು. ಬಾಯಿಗೆ ಬೀಗ ಹಾಕಿಕೊಳ್ಳುವವರನ್ನು ಅರಗಿಣಿ ಬಹಳ ಕಂಡಿದ್ದ. ಪಿನ್ನು ಹಾಕಿಕೊಂಡವಳು ಇವಳೇ ಮೊದಲು. ತಿರುಗಿ ಕುಳಿತು, ಬೆನ್ನು ತೋರಿಸಿ, ಒಂದು ತೋಳಿಗೆ ಮಡಿಕೆ ಹಾಕತೊಡಗಿದಳು.

ಆಗ ಅರಗಿಣಿ ಮಾಡಬಾರದ್ದನ್ನು ಮಾಡಿದ. ಗಂಟಲನ್ನು ಸ್ವಲ್ಪ ಸಣ್ಣಗೆ ಮಾಡಿ, ಮೂಗಿನ ತುದಿಯಿಂದ, ಪದಗಳ ನಡುವೆ ಅಷ್ಟಷ್ಟೇ ಉಸಿರು ಬಿಟ್ಟು ನುಡಿದ:

“ಅಕ್ಕ ಹೇಳಿದ್ಮೇಲೆ ಬಂದಿರ್ತೀನಿ ಬಿಡಿ ಸಾರ್.”

“ಪುಟ್ಟಾ...” ಪಿನ್ನುಗಳು ನೆಲಕ್ಕುದುರಿದವು. ಅವಳು ಎದ್ದು ಬಾಗಿಲ ಕಡೆ ನೋಡಿದಳು. ಬಾಗಿಲಲ್ಲಿ ಬಿಸಿಲು ಬಿಟ್ಟರೆ ಯಾರೂ ಇರಲಿಲ್ಲ. ನಿಧಾನವಾಗಿ ಅರಗಿಣಿಯ ಕಡೆ ತಿರುಗಿದಳು.

ಆ ನೋಟದ ಮುಂದೆ ಅವನು ಜೀವಮಾನವಿಡೀ ಗಳಿಸಿದ ಚಪ್ಪಾಳೆಗಳೆಲ್ಲ ಕೈ ಕಟ್ಟಿ ನಿಂತವು.

“ಅವನೇ ಬಂದ ಅಂದ್ಕೊಂಡೆ,” ಎಂದಳು. “ಇಂಥ ವಿದ್ಯೆ ಕಲ್ತು ಏನ್ ಪುಣ್ಯ ಕಟ್ಕೊಂಡ್ರಿ?”

“ತಪ್ಪಾಯ್ತು ಅಕ್ಕ.” ಅದು ಅವನದೇ ದನಿ. ಬಹಳ ದಿನ ಬಳಸದೆ ತುಕ್ಕು ಹಿಡಿದಿತ್ತು. “ದನಿ ನಂದು, ಮಾತು ಅವನದೇ. ಠಾಣೆಯಲ್ಲಿ ಮೊದಲು ‘ನಾನು ಬಂದೇ ಇಲ್ಲ’ ಅಂತ ಕೂಗಾಡಿದ. ನೀವು ಕೊಟ್ಟ ಹೇಳಿಕೆ ಓದಿ ಹೇಳಿದ್ಮೇಲೆ ಇದಿಷ್ಟೇ ಅಂದು ಸುಮ್ಮನಾದ. ಯಾಕಂತ ಯೋಚಿಸಿದ್ರಾ?”

“ನನ್ ಮೇಲೆ ಸಿಟ್ಟಿರ್ಬೇಕು.”

“ಸಿಟ್ಟಲ್ಲ. ಬಂದಿಲ್ಲದವನನ್ನ ಅಕ್ಕ ಬಂದಿದ್ದ ಅಂದ್ಳಲ್ಲ, ಹಾಗಾದ್ರೆ ತಳ್ಳಿದವಳು ಅಕ್ಕನೇ ಇರ್ಬೇಕು ಅಂತ ಅವನ ಲೆಕ್ಕ. ನಿಮ್ಮನ್ನ ಉಳಿಸೋಕೆ ಅವನು ಕೊರಳು ಒಡ್ಡಿದಾನೆ. ಅವನನ್ನ ಉಳಿಸೋಕೆ ನೀವು ನನ್ನ ಕರೆಸಿದೀರಿ. ಒಬ್ಬರನ್ನೊಬ್ಬರು ಹೀಗೆ ಉಳಿಸ್ತಾ ಹೋದ್ರೆ ಇಬ್ಬರೂ ಉಳಿಯಲ್ಲ.”

ಅಕ್ಕ ಮೆಲ್ಲಗೆ ಸ್ಟೂಲಿನ ಮೇಲೆ ಕುಳಿತಳು. ನೆಲದ ಪಿನ್ನುಗಳನ್ನು ಒಂದೊಂದಾಗಿ ಆರಿಸತೊಡಗಿದಳು. ಮಾತೂ ಹಾಗೇ ಬಂತು.

“ಜಗಳ ಆದ್ಮೇಲೆ ಒಂದು ತಿಂಗಳು ಬಂದ. ಆಮೇಲೆ ಬರೋದು ಬಿಟ್ಟ. ಇವರು ಪರದೆ ಆಚೆಯಿಂದ ಕೇಳಿದ್ರು, ‘ನಿನ್ ತಮ್ಮ ಬಂದಿದ್ನಾ?’ ಇಲ್ಲ ಅನ್ನೋಕೆ ಬಾಯಿ ಬರ್ಲಿಲ್ಲ. ಒಂದು ಕಾಯಿ ಸರಿಸಿ, ಮರ ಆ ಕಡೆ ಇಟ್ಟು, ಹೂಂ ಅಂದೆ. ಒಂದೇ ದಿನ ಅಂದ್ಕೊಂಡೆ.”

“ಒಂದು ದಿನ ಒಂದು ವರ್ಷ ಆಯ್ತು.”

“ಆಟಾನೇ ಬರ್ತಿರ್ಲಿಲ್ಲ ನಂಗೆ. ಸೋತು ಸೋತು ಕಲ್ತೆ. ಒಂದಿನ ಅವರ ಎರಡು ಹಡಗು ಮುಳುಗಿಸ್ದೆ. ಆ ಕಡೆಯಿಂದ ನಗು. ಜಗಳ ಆದ್ಮೇಲೆ ಮೊದಲ್ನೇ ಸಲ ನಕ್ಕಿದ್ದು. ‘ನಿನ್ ತಮ್ಮ ಸುಧಾರಿಸಿದಾನೆ ಕಣೇ’ ಅಂದ್ರು.” ಅವಳ ಕೈ ನಿಂತಿತು. “ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ನನ್ನ ಹೊಗಳಿದ್ದು ಅದೊಂದೇ. ಅದೂ ಅವನ ಹೆಸರಲ್ಲಿ.”

ಅರಗಿಣಿಗೆ ಒಂದು ಚತುರ ಮಾತು ಹೊಳೆಯಿತು. ನುಂಗಿಕೊಂಡ.

“ಪೊಲೀಸರಿಗೂ ಯಾಕೆ ಅದನ್ನೇ ಹೇಳಿದ್ರಿ?”

“ಮಧ್ಯಾಹ್ನ ಯಾರು ಬಂದಿದ್ರು ಅಂತ ಕೇಳಿದ್ರು. ದಿನಾ ಹೇಳ್ತಿದ್ದ ಉತ್ತರ, ತಾನಾಗೇ ಬಾಯಿಗೆ ಬಂತು. ‘ತಮ್ಮ ಬಂದು ಆಡಿ ಹೋದ.’ ಇವರಿನ್ನೂ ಆಚೆ ಮಲಗಿದ್ರು, ಮೇಲೊಂದು ಬಟ್ಟೆ ಹೊದಿಸಿದ್ರು. ಪರದೆ ಒಂದೇ ಅಡ್ಡ. ಬೇರೆ ಹೇಳಿದ್ರೆ ಕೇಳಿಸ್ಕೊಂಡ್ಬಿಡ್ತಾರೆ ಅನ್ನಿಸ್ತು.”

“ಆಮೇಲಾದ್ರೂ ತಿದ್ದಬಹುದಿತ್ತು.”

“ತಿದ್ದಬಹುದಿತ್ತು,” ಎಂದಳು. “ಹೊಲಿಗೆ ಬಿಚ್ಚೋದು ಸುಲಭ. ಬಿಚ್ಚಿದ್ಮೇಲೆ ಬಟ್ಟೆ ಮೇಲೆ ತೂತು ಉಳಿಯುತ್ತಲ್ಲ. ಅವರು ಒಂದು ವರ್ಷ ನಂಬಿ ನಕ್ಕಿದ್ದು ಸುಳ್ಳಿಗೆ ಅಂತ ನಾನೇ ಹೇಳ್ಬೇಕಿತ್ತು.”

ಹೊರಗೆ ಜೀಪು ನಿಂತಿತು. ಇನ್‌ಸ್ಪೆಕ್ಟರ್ ಒಳಗೆ ಬರುವ ಮೊದಲು ಅವರ ಗಂಟಲು ಬಂತು. ಎರಡು ಸಲ ಕೆರೆದುಕೊಳ್ಳದೆ ಅವರು ಎಲ್ಲಿಗೂ ಹೋಗುವವರಲ್ಲ.

“ಏನ್ರೀ ಅರಗಿಣಿ, ಹಣ್ಣು ಕಚ್ಚಿದ್ರೋ, ಬರೀ ಕೊಂಬೆ ಮೇಲೆ ಕೂತಿದೀರೋ?”

ಅವರ ಹಿಂದೆ ಕನ್ನಡಕದವನು. ಒಂದು ವಾರಕ್ಕೆ ಗಡ್ಡ ಬಂದಿತ್ತು, ಕನ್ನಡಕದ ಗಾಜು ಮಸುಕಾಗಿತ್ತು. ಮಂದಿಯ ಗಾಜನ್ನೆಲ್ಲ ಒರೆಸಿಕೊಟ್ಟವನಿಗೆ ತನ್ನದನ್ನು ಒರೆಸಿಕೊಳ್ಳಲು ಠಾಣೆಯಲ್ಲಿ ಒಂದು ಚೂರು ಬಟ್ಟೆ ಸಿಕ್ಕಿರಲಿಲ್ಲ. ಅಕ್ಕನನ್ನು ನೋಡಿ ತಲೆ ತಗ್ಗಿಸಿದ.

ಅಕ್ಕ ಎದ್ದಳು. ಎಲ್ಲರೂ ಬಾಗಿಲ ಹತ್ತಿರ ಸೇರಿದರು. ಕಿಂಡಿ ಅವರ ಬೆನ್ನ ಹಿಂದಾಯಿತು.

“ಅವನು ಬಂದಿರ್ಲಿಲ್ಲ ಸಾರ್. ನಾನು ಸುಳ್ಳು ಹೇಳ್ದೆ. ಅವನು ಒಂದು ವರ್ಷದಿಂದ ಈ ಅಂಗಡಿ ಮೆಟ್ಟಿಲು ಹತ್ತಿಲ್ಲ. ಅವನ ಹೆಸರಲ್ಲಿ ಆಡ್ತಿದ್ದವಳು ನಾನು.”

“ಅಕ್ಕ, ಬೇಡ,” ಎಂದ ತಮ್ಮ.

“ಸುಮ್ನಿರು. ನಾನು ತಳ್ಳಿಲ್ಲ ಕಣೋ. ಹಾಗಂದ್ಕೊಂಡು ಒಪ್ಕೊಂಡ್ಯಂತಲ್ಲ, ದಡ್ಡ. ನಾನು ಈ ಕಡೆ ಕೂತು ಯಾರದೋ ಕಾಲರ್ ಹೊಲೀತಿದ್ದೆ. ಸದ್ದು ಕೇಳಿ ಓಡಿದೆ.”

ತಮ್ಮ ಅವಳ ಮುಖವನ್ನೇ ನೋಡಿದ. ನಂಬಿದ್ದು ಅವನ ಭುಜಗಳಲ್ಲಿ ಕಂಡಿತು. ಒಂದು ವಾರದಿಂದ ಮೇಲೆದ್ದಿದ್ದವು ಕೆಳಗಿಳಿದವು. ಆಮೇಲೆ ಹುಬ್ಬು ಗಂಟಿಕ್ಕಿದ.

“ಆಡ್ತಿದ್ದೆ ಅಂದ್ರೆ... ಯಾರ್ ಜೊತೆ?”

“ಇನ್ಯಾರು, ನಿನ್ ಭಾವನ ಜೊತೆ.”

“ಭಾವಂಗೆ ಕಣ್ಣೇ ಹೋಗಿತ್ತಲ್ಲಕ್ಕ.”

ಬೀದಿಯಲ್ಲಿ ಯಾವುದೋ ಗಾಡಿಯ ಗಂಟೆ ಬಡಿದು ನಿಂತಿತು.

“ನಮ್ಮ ಜಗಳ ಅದೇ,” ಎಂದ ಅವನು. “ನಾನೇ ಪರೀಕ್ಷೆ ಮಾಡಿದ್ದೆ. ಎದುರಿಗೆ ಯಾರೋ ನಿಂತಿದಾರೆ ಅಂತ ತಿಳೀತಿತ್ತು, ಯಾರು ಅಂತಲ್ಲ. ನಿಂಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ರು. ಒಂದಿನ ಗಿರಾಕಿಗಳ ಎದುರಿಗೇ ‘ಭಾವ, ಇನ್ನು ಗಾಜು ಕತ್ತರಿಸ್ಬೇಡಿ’ ಅಂದ್ಬಿಟ್ಟೆ. ಪಕ್ಕಕ್ಕೆ ಕರೆದು ಹೇಳಬಹುದಿತ್ತು. ಆವತ್ತೇ ಮಾತು ಬಿಟ್ರು.”

“ಮತ್ತೆ ಆಟ ಯಾಕೆ ಬಿಟ್ಟೆ?”

“ಕೊನೆಕೊನೆಗೆ ನನ್ನ ಕರಿ ಕಾಯಿಗಳನ್ನೇ ಅವರು ನಡೆಸೋಕೆ ಶುರು ಮಾಡಿದ್ರು. ತಮ್ಮದು ಅಂದ್ಕೊಂಡು. ದಿನಾ ಬಂದು ಅದನ್ನ ನೋಡೋಕಾಗ್ಲಿಲ್ಲ. ಬಿಟ್ಟೆ.” ಅವನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಮಸುಕು ಇನ್ನಷ್ಟು ಹರಡಿತು. “ನಾನಿದ್ದು ಅವರ ನಡೇನೂ ನಾನೇ ತಿದ್ದಿ ಇಡಬಹುದಿತ್ತು. ಹೊಳೀಲಿಲ್ಲಕ್ಕ.”

“ತಟ್ಟೇಲಿ ಅವರ ಕೈ ಹುಡುಕ್ತಿತ್ತು,” ಎಂದಳು ಅಕ್ಕ, ಯಾರಿಗೂ ಅಲ್ಲದಂತೆ. “ವಯಸ್ಸು ಅಂದ್ಕೊಂಡೆ. ಗಾಜು ಕತ್ತರಿಸೋದು ಹೊರಗಡೆ ಕೊಟ್ರು. ಸೋಮಾರಿತನ ಅಂತ ಬೈದೆ.”

ಅರಗಿಣಿಯ ತಲೆಯಲ್ಲಿ ಬೇರೆಯೇ ಚಿತ್ರ ಎದ್ದಿತ್ತು. “ಇನ್‌ಸ್ಪೆಕ್ಟರ್, ಏಣಿ ಎಲ್ಲಿತ್ತು ಆವತ್ತು?”

“ಎಡಗಡೆ ಗೋಡೆಗೆ. ಯಾವಾಗ್ಲೂ ಬಲಗಡೆ ಇರ್ತಿತ್ತಂತೆ. ತಳ್ಳಿದ್ಮೇಲೆ ಏಣಿ ಜರುಗಿಸಿ ಇಳಿದಿದಾನೆ ಅಂತ ಬರ್ದಿದೀನಿ. ಮಹಜರು ಆದ್ಮೇಲೆ ನಾವೇ ಮತ್ತೆ ಬಲಗಡೆ ಇಟ್ವಿ.”

“ತಳ್ಳೋದೇ ಬೇಕಿರ್ಲಿಲ್ಲ. ಕಣ್ಣಿದ್ದವನಿಗೆ ಏಣಿ ಇಲ್ಲದ್ದು ಕಾಣುತ್ತೆ. ಅವರು ಅಭ್ಯಾಸದ ಮೇಲೆ ಇಳೀತಿದ್ದವರು. ಮೇಲಿರುವಾಗ ಯಾರೋ ಏಣಿ ಸರಿಸಿದ್ರು. ಅವರು ಬಲಗಡೆ ಕಾಲಿಟ್ರು. ಅಲ್ಲಿ ಏನೂ ಇರ್ಲಿಲ್ಲ.”

ಇನ್‌ಸ್ಪೆಕ್ಟರ್ ಗಂಟಲು ಕೆರೆದುಕೊಳ್ಳಲೂ ಮರೆತರು. ಮರೆತದ್ದು ಒಂದು ಗಳಿಗೆ ಮಾತ್ರ. ಆಮೇಲೆ ಕನ್ನಡಕದವನ ಭುಜದ ಮೇಲೆ ಕೈಯಿಟ್ಟರು, ಈ ಸಲ ಇನ್ನೂ ಗಟ್ಟಿಯಾಗಿ.

“ಸರಿ. ಏಣಿ ಸರಿಸಿದ್ರೆ ಸಾಯ್ತಾರೆ ಅಂತ ಗೊತ್ತಿರ್ಬೇಕಾದ್ರೆ ಅವರಿಗೆ ಕಣ್ಣಿಲ್ಲ ಅಂತ ಗೊತ್ತಿರ್ಬೇಕು. ಹೆಂಡ್ತಿಗೂ ಗೊತ್ತಿರ್ಲಿಲ್ಲ. ಗೊತ್ತಿದ್ದೋನು ಇವನೊಬ್ಬ. ಈಗಷ್ಟೇ ನಮ್ಮೆದುರಿಗೇ ಹೇಳಿದಾನೆ. ಚೆನ್ನಾಗಿ ಬಿಡಿಸಿದ್ರಿ ರೀ, ಗಂಟು ಇನ್ನೂ ಬಿಗಿಯಾಯ್ತು.”

ಅಕ್ಕ ಸುಳ್ಳು ಹೇಳಿ ತಮ್ಮನನ್ನು ಅರ್ಧ ಸಿಕ್ಕಿಸಿದ್ದಳು. ನಿಜ ಹೇಳಿ ಪೂರ್ತಿ ಸಿಕ್ಕಿಸಿದಳು. ಮೊದಲ ದಿನವೇ ಹೇಳಿದ್ದರೆ, ತಮ್ಮ ಕಳೆದ ವರ್ಷವೇ ಹೇಳಿದ್ದರೆ, ಗಂಡ ಒಂದು ಸಲವಾದರೂ ಪರದೆ ಸರಿಸಿದ್ದರೆ... ಅವಳ ಕೈಯಲ್ಲಿದ್ದ ಪಿನ್ನುಗಳು ಅಂಗೈಗೆ ನಾಟಿದ್ದವು. ಅವಳಿಗೆ ಗೊತ್ತಾಗಲಿಲ್ಲ.

“ಒಂದ್ನಿಮಿಷ,” ಎಂದಳು ಕೊನೆಗೆ. “ಕಣ್ಣು ಕಾಣದವರು ಬಿಳಿ ಕಾಯಿ ಯಾವುದು, ಕರಿ ಕಾಯಿ ಯಾವುದು ಅಂತ ಹೇಗೆ ಆಡಿದ್ರು? ಇವನು ಬಿಟ್ಮೇಲೆ ಒಂದು ನಡೆ ತಪ್ಪಿಲ್ಲ ಆ ಕಡೆಯಿಂದ. ಸಾಯೋ ದಿನ ಬೆಳಿಗ್ಗೇನೂ ತಪ್ಪಿಲ್ಲ.” ತಮ್ಮನನ್ನು ನೋಡಿದಳು, ಅರಗಿಣಿಯನ್ನು ನೋಡಿದಳು. “ನಾನು ಒಂದು ವರ್ಷ ಯಾರ್ ಜೊತೆ ಆಡಿದೆ?”

ಅರಗಿಣಿ ತನ್ನ ಹೆಬ್ಬೆರಳನ್ನು ಎತ್ತಿ ನೋಡಿಕೊಂಡ. ಬಿಳಿ ಹಡಗಿನಿಂದ ಅಂಟಿದ ಕಪ್ಪು ಗೆರೆಗೆರೆಯಾಗಿ ಇನ್ನೂ ಇತ್ತು. ಒಣಗಿದ ಪಾಲಿಶ್ ಬೆರಳಿಗೆ ಅಂಟುವುದಿಲ್ಲ. ಹೀಗೆ ಅಂಟುವುದು ಪೇಪರಿನ ಮಸಿ. ಬಂದ ಕೂಡಲೇ ಕೈಗೆ ಸಿಕ್ಕಿದ್ದನ್ನು ಅವನು ಪ್ಯಾಂಟಿಗೆ ಒರೆಸಿಕೊಂಡಿದ್ದ.

ದಿನಾ ಬೆಳಿಗ್ಗೆ ಪೇಪರು ಓದಿ ಹೇಳಿ, ಅದೇ ಬೆರಳಿನಿಂದ ಕಾಯಿ ನಡೆಸಿದವರು. ಸತ್ತವನಿಗೆ ಕಣ್ಣಿಲ್ಲವೆಂದು ಬಲ್ಲ ಇನ್ನೊಬ್ಬರು.

ಅವನು ಹಲಗೆಯ ಕಡೆ ತಿರುಗಿದ.

ಅಥೆನ್ಸಿನ ಅಂಗಳದಲ್ಲಿ ನೆಟ್ಟಗೆ ನಿಂತಿದ್ದ ಆಲಿವ್ ಮರ ಅಲ್ಲಿರಲಿಲ್ಲ. ಅದು ಸಮುದ್ರ ದಾಟಿ ಈ ಕಡೆ ಬಂದಿತ್ತು. ಸ್ಪಾರ್ಟಾದ ಅಂಚಿನಲ್ಲಿ, ಅಕ್ಕನ ಕೈಗೆಟುಕುವಲ್ಲಿ, ಯಾರೋ ಅದನ್ನು ಜೋಪಾನವಾಗಿ ಮಲಗಿಸಿದ್ದರು. ಹಸಿರು ಪರದೆ ಇನ್ನೂ ಮೆಲ್ಲಗೆ ತೂಗುತ್ತಿತ್ತು.

“ಆ ಬಾಗಿಲಿಗೆ ಸೀಲಿದೆ ರೀ,” ಎಂದರು ಇನ್‌ಸ್ಪೆಕ್ಟರ್ ಪಿಸುದನಿಯಲ್ಲಿ. “ಒಳಗೆ ಬರೋ ಮುಂಚೆ ನಾನೇ ಮುಟ್ಟಿ ನೋಡಿದ್ದೆ. ಹಾಗೇ ಇದೆ.”

ಅಕ್ಕ ಹಲಗೆಯ ಹತ್ತಿರ ಹೋದಳು. ಮರವನ್ನು ಮುಟ್ಟಲಿಲ್ಲ. ಒಂದು ವರ್ಷ ಪಾಲಿಸಿದ ಕಾನೂನು, ಪರದೆಯನ್ನೂ ಸರಿಸಲಿಲ್ಲ. ಅದರ ಎದುರು ನಿಂತು, ಪಕ್ಕದ ಕೋಣೆಯಲ್ಲಿ ಮಲಗಿದವರನ್ನು ಎಬ್ಬಿಸದಷ್ಟು ಮೆಲ್ಲಗೆ ಕೇಳಿದಳು:

“ಇಷ್ಟು ಚೆನ್ನಾಗಿ ಆಡ್ತಿದ್ರಿ. ಈಗ ಯಾಕೆ ಸೋಲೊಪ್ಪಿದ್ರಿ ಮೇಷ್ಟ್ರೇ?”

ಪರದೆಯಾಚೆ, ಅಟ್ಟದ ಹಲಗೆಗಳು ಒಬ್ಬರ ಭಾರಕ್ಕೆ ಕಿರುಗುಟ್ಟಿದವು. ಆಮೇಲೆ ಮರದ ಕಾಲು ನೆಲವನ್ನು ಗೀರುವ ಸದ್ದು, ಉದ್ದವಾಗಿ, ಬಲದಿಂದ ಎಡಕ್ಕೆ.

ಮೇಲೆ ನಿಂತವರು, ಆವತ್ತಿನಂತೆಯೇ, ಕಾಲಿನಿಂದ ಏಣಿ ಸರಿಸುತ್ತಿದ್ದರು.